ದೀನಿಯಾತ್‌ನ ಒಂದು ಪಾಠ, ಕಾಣೆಯಾದ ಒಂದು ಕೈಪಿಡಿ

ಓದುಗರೇ, ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ಸಲಿಂಗ ಆಕರ್ಷಣೆ ಎಂಬ ಪದ ಕಂಡ ಕೂಡಲೇ ನಮ್ಮಲ್ಲಿ ಕೆಲವರು ಓದೋದನ್ನೇ ನಿಲ್ಲಿಸ್ತಾರೆ. ಇನ್ನು ಕೆಲವರು ಬರೆದವರು ಯಾವ ಕಡೆಯವರು ಅಂತ ಹುಡುಕ್ತಾರೆ. ಇದು ಹಲಾಲ್-ಹರಾಮ್ ತೀರ್ಮಾನಿಸುವ ಬರಹ ಅಲ್ಲ, ಆ ಕೆಲಸಕ್ಕೆ ಆಲಿಮರಿದ್ದಾರೆ. ನಾನು ದಿಲ್ಲಿಯ ಆಸುಪಾಸಿನಲ್ಲಿ ಪಾಠ ಮಾಡುವ ಶಿಕ್ಷಕಿ. ನನ್ನ ಪ್ರಶ್ನೆ ಇಷ್ಟೇ: 13-14 ವರ್ಷದ ಮಗುವಿನ ಮುಂದೆ ಈ ವಿಷಯದಲ್ಲಿ ನಾವು ಇಡುತ್ತಿರುವ ಪಾಠ ಎಂಥದ್ದು?

ಸರಕಾರದ ಕಡೆಯಿಂದ ಶುರು ಮಾಡೋಣ. 2021ರ ಕೊನೆಯಲ್ಲಿ ದಿಲ್ಲಿಯ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಒಳಗೊಳ್ಳಬೇಕು ಎಂಬುದು ಅದರ ವಿಷಯ. ನವೆಂಬರ್ ಮೊದಲ ವಾರದಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪ ಬರೆಯಿತು. ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಮಾಯವಾಯಿತು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಇದಕ್ಕೆ ಆ ಡಿಸೆಂಬರಿನಲ್ಲೇ ಅಸಮಾಧಾನ ತೋರಿಸಿದರು. ಅದೇ ವರ್ಷ ಸಲಿಂಗಿ ಜೋಡಿಯೊಂದರ ಪ್ರಕರಣದಲ್ಲಿ, ತೀರ್ಪು ಕೊಡುವ ಮೊದಲು ತಮಗೆ ಈ ವಿಷಯ ತಿಳಿಯಬೇಕು ಅಂತ ಮನಃಶಾಸ್ತ್ರಜ್ಞರ ಎದುರು ಕೂತು ಕಲಿತ ನ್ಯಾಯಾಧೀಶರು ಅವರು.

ಹುಡುಗ ತನ್ನನ್ನು ಹುಡುಗಿ ಎಂದುಕೊಳ್ಳುವುದೂ, ಹುಡುಗನಿಗೆ ಹುಡುಗನ ಮೇಲೆ ಮನಸ್ಸಾಗುವುದೂ ಒಂದೇ ಅಲ್ಲ. ಆದರೆ ನಮ್ಮ ಸ್ಟಾಫ್‌ರೂಮುಗಳಲ್ಲಿ ಎರಡಕ್ಕೂ ಒಂದೇ ಬೈಗುಳ, ಒಂದೇ ನಗು. ಈ ವ್ಯತ್ಯಾಸ ಶಿಕ್ಷಕರಿಗೆ ತಿಳಿಯಲಿಕ್ಕೇ ಇಂಥ ಪುಸ್ತಕ ಬೇಕಿತ್ತು. ಅದು ಮಕ್ಕಳ ಕೈಗೆ ಕೊಡುವ ಪುಸ್ತಕವೇ ಅಲ್ಲ, ಶಿಕ್ಷಕರ ತರಬೇತಿಯದು. ತಪ್ಪಿದ್ದರೆ ತಿದ್ದಬಹುದಿತ್ತು. 2023ರಲ್ಲಿ ಬೇರೊಂದು ಕರಡು ಬಂತು ನಿಜ, ಆದರೆ ಮೊದಲನೆಯದನ್ನು ತೆಗೆದ ರೀತಿಯೇ ಶಿಕ್ಷಕರಿಗೆ ಒಂದು ಪಾಠ ಕಲಿಸಿತು: ಈ ವಿಷಯ ಮುಟ್ಟಬೇಡಿ, ಕೈ ಸುಡುತ್ತದೆ.

ಈ ಮೌನ ಮುಸ್ಲಿಮರದು ಮಾತ್ರ ಅಂತ ಯಾರೂ ತಿಳಿಯಬಾರದು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕವೂ ಇತ್ತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಕೂಡ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಧಾಟಿಯಲ್ಲೇ ವರದಿ ಕೊಟ್ಟಿತು. ಈ ಒಂದು ವಿಷಯದಲ್ಲಿ ಎಲ್ಲ ಧರ್ಮದ ಹಿರಿಯರದೂ ಒಂದೇ ಜಮಾಅತ್!

ಈಗ ನಮ್ಮ ಮನೆಯ ಮಾತು. ದೀನಿಯಾತ್ ತರಗತಿಯಲ್ಲಿ ಈ ವಿಷಯ ಬರುವುದು ಒಂದೇ ಜಾಗದಲ್ಲಿ, ಹಝ್ರತ್ ಲೂತ್ (ಅ) ಅವರ ಕಿಸ್ಸಾದಲ್ಲಿ. ನಾನು ನೋಡಿದ ಪುಸ್ತಕಗಳಲ್ಲಿ ಅದು ಎರಡು ವಾಕ್ಯಕ್ಕೆ ಮುಗಿಯುತ್ತದೆ: ಆ ಜನಾಂಗಕ್ಕೆ ಒಂದು ಕೆಟ್ಟ ಚಟವಿತ್ತು, ಅಲ್ಲಾಹನು ಅವರನ್ನು ನಾಶ ಮಾಡಿದನು. ಯಾವ ಚಟ ಅಂತ ಮಕ್ಕಳು ಕೇಳಿದರೆ "ದೊಡ್ಡವರಾದ ಮೇಲೆ ಗೊತ್ತಾಗುತ್ತೆ, ಕೂತ್ಕೋ". ಮಕ್ಕಳಿಗೆ ಗೊತ್ತಾಗುವುದು ಬೀದಿಯಲ್ಲಿ, ಮೊಬೈಲಿನಲ್ಲಿ.

ಉರ್ದು ಕಲಿಸುವವಳಾಗಿ ಇನ್ನೊಂದು ಸಂಗತಿ ನನ್ನನ್ನು ಚುಚ್ಚುತ್ತದೆ. ಆ ಪಾಪಕ್ಕೆ ನಮ್ಮ ಭಾಷೆಯಲ್ಲಿರುವ 'ಲವಾತತ್' ಎಂಬ ಪದ ಹುಟ್ಟಿದ್ದೇ ಲೂತ್ ಎಂಬ ಪ್ರವಾದಿಯ ಹೆಸರಿನಿಂದ. ಪಾಪವನ್ನು ತಡೆದವರ ಹೆಸರನ್ನೇ ಪಾಪಕ್ಕೆ ಇಟ್ಟಿದ್ದೇವೆ. ಯೋಚಿಸಿದ್ದೀರಾ?

ಕುರ್‌ಆನಿನಲ್ಲಿ ಈ ಕಿಸ್ಸಾ ಎರಡು ವಾಕ್ಯದ್ದಲ್ಲ. ಅಲ್ ಅಅ್‌ರಾಫ್, ಹೂದ್, ಅಶ್ಶುಅರಾ, ಅಲ್ ಅನ್‌ಕಬೂತ್, ಹೀಗೆ ಹಲವು ಸೂರಃಗಳಲ್ಲಿ ಬರುತ್ತದೆ. ಪುರುಷರು ಪುರುಷರ ಬಳಿ ಕಾಮದಿಂದ ಹೋಗುವುದನ್ನು ಅಲ್ಲಿ ಖಂಡಿಸಲಾಗಿದೆ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಜೊತೆಗೇ ದಾರಿಹೋಕರ ಮೇಲೆ ದಾಳಿ, ತುಂಬಿದ ಸಭೆಯಲ್ಲೇ ದುಷ್ಕೃತ್ಯ, ಮನೆಗೆ ಬಂದ ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ನುಗ್ಗುವ ಗುಂಪು, ಅತಿಥಿಗಳ ಮುಂದೆ ನನ್ನ ಮಾನ ಕಳೆಯಬೇಡಿ ಅಂತ ಬೇಡಿಕೊಳ್ಳುವ ಪ್ರವಾದಿ, ಇವೂ ಇವೆ. ಇವನ್ನೆಲ್ಲ ಬಿಟ್ಟು ಒಂದು ತುಣುಕನ್ನು ಮಾತ್ರ ಕಲಿಸಿದರೆ ಅದು ಕುರ್‌ಆನಿನ ಪಾಠವೂ ಆಗುವುದಿಲ್ಲ.

ಸ್ಕಾಟ್ ಕೂಗಲ್ ಎಂಬ ವಿದ್ವಾಂಸರು 2010ರ ತಮ್ಮ ಪುಸ್ತಕದಲ್ಲಿ ಈ ಕಿಸ್ಸಾ ಮುಖ್ಯವಾಗಿ ಬಲಾತ್ಕಾರದ, ಪ್ರವಾದಿಯ ನಿರಾಕರಣೆಯ ಕುರಿತದ್ದು ಅಂತ ವಾದಿಸಿದರು. ಬಹುಪಾಲು ಉಲಮಾಗಳು ಅದನ್ನು ಒಪ್ಪಿಲ್ಲ. ನಾಲ್ಕೂ ಮಝ್‌ಹಬ್‌ಗಳ ನಿಲುವು, ಕ್ರಿಯೆ ನಿಷಿದ್ಧ ಎಂಬುದೇ. ಸರಿ, ಹಾಗೇ ಇಟ್ಟುಕೊಳ್ಳೋಣ. ಆ ನಿಲುವಿನೊಳಗೇ ಮಗುವಿಗೆ ಹೇಳಬೇಕಾದ್ದು ಬೇಕಾದಷ್ಟಿದೆಯಲ್ಲ? ಮನಸ್ಸಿನಲ್ಲಿ ಮೂಡುವುದನ್ನು ನುಡಿಯುವ ಅಥವಾ ಮಾಡುವ ತನಕ ಅಲ್ಲಾಹನು ಹಿಡಿಯುವುದಿಲ್ಲ ಎಂಬರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. 13ನೇ ಶತಮಾನದ ಇಮಾಮ್ ನವವಿ, ಹೆಣ್ಣಿನ ಹಾವಭಾವವುಳ್ಳ ಗಂಡಸರ ಬಗ್ಗೆ ಬರೆಯುವಾಗ ಹುಟ್ಟಿನಿಂದ ಹಾಗಿರುವವರನ್ನೂ ಬೇಕೆಂದೇ ನಟಿಸುವವರನ್ನೂ ಬೇರೆ ಮಾಡಿದರು; ಹುಟ್ಟಿನಿಂದ ಹಾಗಿರುವವರ ಮೇಲೆ ದೋಷವಿಲ್ಲ ಅಂದರು. ಅಂದು ಡಮಾಸ್ಕಸ್‌ನ ಒಬ್ಬ ಫಕೀಹ್ ಮಾಡಿದ ಈ ಭೇದವನ್ನು ಇಂದಿನ ನಮ್ಮ ಪಾಠ ಮಾಡುವುದಿಲ್ಲ. ಒಲವು, ನಡೆ, ಹಾವಭಾವ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಇನ್ನು ಸಾಹಿತ್ಯ. ಬೆಳಿಗ್ಗೆ ಈ ಪಾಠ ಕೇಳಿದ ಮಗುವೇ ಮಧ್ಯಾಹ್ನ ಗಝಲ್ ಓದುತ್ತದೆ. ಅಲ್ಲಿ ಪ್ರಿಯತಮೆಗೂ ಪುಲ್ಲಿಂಗದ ಕ್ರಿಯಾಪದ. ಯಾಕೆ ಅಂದರೆ ಅದು ಸಂಪ್ರದಾಯ ಅಂತೇವೆ, ಅದು ನಿಜವೂ ಹೌದು. ಆದರೆ ದಿಲ್ಲಿಯಲ್ಲಿ ಬಾಳಿದ ಮೀರ್ ತಕಿ ಮೀರ್‌ರ ಕೆಲವು ಶೇರ್‌ಗಳಿಗೆ ಆ ಉತ್ತರ ಸಾಲದು ಎಂಬುದು ಉರ್ದು ಓದಿದವರಿಗೆಲ್ಲ ಗೊತ್ತು. ಇಸ್ಮತ್ ಚುಗ್ತಾಯಿಯವರ 'ಲಿಹಾಫ್' 1942ರದು. ಅಶ್ಲೀಲ ಅಂತ ಲಾಹೋರಿನ ಕೋರ್ಟಿಗೆ ಹೋಗಿ ಗೆದ್ದ ಕಥೆ. ಕೆಲವು ಗೆಳೆಯರು ಇದನ್ನೇ ತರಗತಿಯಲ್ಲಿ ಓದಿಸಿದರೆ ಸಾಕು ಅಂತಾರೆ. ನಾನು ಒಪ್ಪುವುದಿಲ್ಲ. ಗಂಡನ ಅಲಕ್ಷ್ಯಕ್ಕೆ ಸಿಕ್ಕ ಬೇಗಮಳ ಕಥೆಯನ್ನು ಅಲ್ಲಿ ಹೇಳುವುದು ಒಂದು ಮಗುವಿನ ಕಣ್ಣು, ಮತ್ತು ಆ ಮಗು ಹೆದರಿದೆ. ಎಚ್ಚರವಿಲ್ಲದೆ ಓದಿಸಿದರೆ ಸಲಿಂಗ ಒಲವು ಅಂದರೆ ಮಕ್ಕಳನ್ನು ಮುಟ್ಟುವುದು ಅಂತಲೇ ವಿದ್ಯಾರ್ಥಿ ತಿಳಿಯಬಹುದು. ಎರಡೂ ಬೇರೆ. ಮಗುವನ್ನು ಮುಟ್ಟಿದವರು ಗಂಡಾಗಲಿ ಹೆಣ್ಣಾಗಲಿ, ಅದು 2012ರ ಪೋಕ್ಸೊ ಕಾಯ್ದೆಯ ಅಪರಾಧ.

ಕಾನೂನಿನ ದಾರಿ ನೋಡಿ. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟು, ವಯಸ್ಕರ ಒಪ್ಪಿತ ಸಂಬಂಧ 377ನೇ ಕಲಮಿನಡಿ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. 2018ರ ಸೆಪ್ಟೆಂಬರ್ 6ರಂದು ಮತ್ತೆ ಅಪರಾಧವಲ್ಲ ಎಂದಿತು. ಹೈಕೋರ್ಟಿನ ತೀರ್ಪಿನ ವಿರುದ್ಧ ಹೋದವರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ ಇತ್ತು, ಕ್ರೈಸ್ತ ಸಂಘಟನೆಗಳೂ ಇದ್ದವು. ತಮ್ಮ ನಂಬಿಕೆ ಮಂಡಿಸುವ ಹಕ್ಕು ಅವರಿಗಿದೆ. ನನ್ನ ದೂರು ಬೇರೆ: ಕೋರ್ಟಿಗೆ ವಾದ ಬರೆಯುವ ಶ್ರದ್ಧೆಯ ಅರ್ಧದಷ್ಟೂ ಮಕ್ಕಳ ಪಾಠ ಬರೆಯುವಾಗ ಕಾಣುವುದಿಲ್ಲ.

ಇದರ ಬೆಲೆ ಯಾರು ತೆರುತ್ತಾರೆ? 2022ರ ಫೆಬ್ರವರಿಯಲ್ಲಿ ಇಲ್ಲೇ ಪಕ್ಕದ ಫರಿದಾಬಾದಿನಲ್ಲಿ 10ನೇ ತರಗತಿಯ ಹುಡುಗನೊಬ್ಬ ಜೀವ ಕಳೆದುಕೊಂಡ. ಲೈಂಗಿಕತೆಯ ಹೆಸರಿನಲ್ಲಿ ಶಾಲೆಯಲ್ಲಿ ಹಿಂಸೆ ಆಯಿತು ಎಂಬ ಆರೋಪ ಬಂತು. ಆ ಮಗು ಯಾವ ಧರ್ಮದ್ದು ಅಂತ ಕೇಳಬೇಡಿ. ನಮ್ಮ ಮದ್ರಸದ ಬೆಂಚಿನ ಮೇಲೂ ಅಂಥ ಮಗು ಕೂತಿರಬಹುದು, ನಮ್ಮ ಎರಡು ವಾಕ್ಯದ ಪಾಠ ಕೇಳ್ತಾ, ನಾಶವಾದ ಆ ಜನಾಂಗದಲ್ಲಿ ತಾನೂ ಒಬ್ಬ ಅಂತ ಎಣಿಸ್ತಾ.

ಹಾಗಾದರೆ ಏನು ಕಲಿಸೋಣ? ಸೂರಃ ಅಲ್ ಹುಜುರಾತ್‌ನ 11 ಮತ್ತು 12ನೇ ಆಯತ್‌ಗಳಿಂದ ಶುರು ಮಾಡಬಹುದು. ಪರಸ್ಪರ ಗೇಲಿ ಮಾಡುವುದು, ಅಡ್ಡಹೆಸರು ಕರೆಯುವುದು, ಇನ್ನೊಬ್ಬರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಅಲ್ಲಿ ಸ್ಪಷ್ಟವಾಗಿ ನಿಷಿದ್ಧ. ನಡಿಗೆ ನೋಡಿ ನಗುವ ಹುಡುಗನಿಗೆ ಈ ಪಾಠ ಇದೆಯಾ? ಲೂತ್ (ಅ) ಅವರ ಕಿಸ್ಸಾವನ್ನು ವಯಸ್ಸಿಗೆ ತಕ್ಕಂತೆ, ಆದರೆ ಪೂರ್ತಿಯಾಗಿ ಹೇಳಿ. ಮಗು ತನ್ನ ಮನಸ್ಸಿನ ಮಾತು ಹೇಳಿಕೊಂಡರೆ ಅದನ್ನು ಸ್ಟಾಫ್‌ರೂಮಿಗೆ ಒಯ್ಯಬೇಡಿ. ತಂದೆತಾಯಿಯರು ತಾವೀಜ್, 'ಸರಿಪಡಿಸುವ' ಡಾಕ್ಟರು ಅಂತ ಅಲೆಯಬೇಡಿ. ಇದು ಕಾಯಿಲೆ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. ಒಲವು ಬದಲಿಸುವ 'ಚಿಕಿತ್ಸೆ' ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮಗು ಕುಗ್ಗಿದ್ದರೆ ಮಕ್ಕಳ ಸಹಾಯವಾಣಿ 1098, ಟೆಲಿ-ಮಾನಸ್ 14416 ಇವೆ.

ಓದುವ ವಿದ್ಯಾರ್ಥಿಗಳೇ, ನಿಮ್ಮ ನಂಬಿಕೆ ಬಿಡಿ ಅಂತ ಯಾರೂ ಕೇಳುತ್ತಿಲ್ಲ. ಪಕ್ಕದಲ್ಲಿ ಕೂತವನನ್ನು ಗೇಲಿ ಮಾಡದಿರುವುದೂ ಆ ನಂಬಿಕೆಯೊಳಗಿನದೇ. ಮಸೀದಿ ಕಮಿಟಿಯಲ್ಲಿ, ಮದ್ರಸದ ಆಡಳಿತದಲ್ಲಿ ಇರುವ ಹಿರಿಯರೇ, ಈ ವಾರ ನಿಮ್ಮ ಮಕ್ಕಳ ದೀನಿಯಾತ್ ಪುಸ್ತಕ ತೆಗೆದು ಆ ಒಂದು ಪಾಠ ಓದಿ. ಅದನ್ನು ಹೇಗೆ ಕಲಿಸುತ್ತೀರಿ ಅಂತ ಉಸ್ತಾದರ ಜೊತೆ ಕೂತು ಮಾತಾಡಿ.