ಟಿಕೆಟ್ಟು ಒಂದಾಯಿತು, ಪ್ರಯಾಣ ಒಂದಾಯಿತೆ?

ಒಂದು ನಗರದ ಸಾರಿಗೆ ವ್ಯವಸ್ಥೆಯ ಯೋಗ್ಯತೆಯನ್ನು ಅರಿಯಬೇಕಾದರೆ, ಒಂದು ವಾಹನದಿಂದ ಇಳಿದವರು ಇನ್ನೊಂದನ್ನು ಹತ್ತುವಷ್ಟರಲ್ಲಿ ಪಡುವ ಪಾಡನ್ನು ನೋಡಬೇಕು. ಈ ಪರೀಕ್ಷೆಗೆ ನಮ್ಮ ವಡಪಳನಿ ತಕ್ಕ ಸ್ಥಳ.

ಆರ್ಕಾಟ್ ರಸ್ತೆಯೂ ನೂರಡಿ ರಸ್ತೆಯೂ ಕೂಡುವ ಈ ಬಡಾವಣೆ ಕನ್ನಡಿಗರಿಗೆ ಹೊಸದಲ್ಲ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಿಂದಲೂ ನಮ್ಮವರು ಈ ಸುತ್ತಿನಲ್ಲಿ ಓಡಾಡಿದವರೇ. ಇಲ್ಲಿ ಬಸ್ ನಿಲ್ದಾಣವಿದೆ. 2015ರ ಜೂನ್ 29ರಂದು ಆರಂಭವಾದ ಕೋಯಂಬೇಡು–ಆಲಂದೂರು ಮೆಟ್ರೋ ಮಾರ್ಗದ ನಿಲ್ದಾಣವಿದೆ. ಎರಡನೆಯ ಹಂತದ ಪೂನಮಲ್ಲಿ–ಲೈಟ್ ಹೌಸ್ ಮಾರ್ಗವೂ ಇಲ್ಲಿಯೇ ಕೂಡುವಂತೆ ಯೋಜಿಸಲಾಗಿದೆ. 1931ರಷ್ಟು ಹಿಂದೆಯೇ ವಿದ್ಯುತ್ ರೈಲು ಕಂಡ ಬೀಚ್–ತಾಂಬರಂ ಮಾರ್ಗದ ಕೋಡಂಬಾಕ್ಕಂ ನಿಲ್ದಾಣವೂ ದೂರವಲ್ಲ.

ಇಷ್ಟೆಲ್ಲ ಇದ್ದೂ ಇವು ಒಂದೇ ವಠಾರದಲ್ಲಿದ್ದು ಮಾತು ಬಿಟ್ಟ ನೆರೆಯವರಂತಿವೆ. ಬಸ್ಸು ರಾಜ್ಯದ ಸಾರಿಗೆ ಸಂಸ್ಥೆಯದು, ಉಪನಗರ ರೈಲು ದಕ್ಷಿಣ ರೈಲ್ವೆಯದು, ಮೆಟ್ರೋ ಕೇಂದ್ರ ಮತ್ತು ರಾಜ್ಯಗಳ ಜಂಟಿ ಕಂಪನಿಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಬೇರೆ ಉದಾಹರಣೆ ಬೇಡ.

ಇವನ್ನೆಲ್ಲ ಒಂದು ನೊಗಕ್ಕೆ ಕಟ್ಟಲು ಚೆನ್ನೈ ಏಕೀಕೃತ ಮಹಾನಗರ ಸಾರಿಗೆ ಪ್ರಾಧಿಕಾರದ ಕಾನೂನು ಬಂದದ್ದು 2010ರಲ್ಲಿ. ‘ಕುಮ್ಟಾ’ ಎಂಬ ಅದರ ಚಿಕ್ಕ ಹೆಸರು ಕೇಳಿ ಉತ್ತರ ಕನ್ನಡದವರಿಗೆ ಕುಮಟೆ ನೆನಪಾದೀತು. ಕಾನೂನು ಜಾರಿಯಾದದ್ದು 2019ರಲ್ಲಿ. ಪ್ರಾಧಿಕಾರದ ಮೊದಲ ಸಭೆ ಸೇರಿದ್ದು 2022ರ ನವೆಂಬರಿನಲ್ಲಿ. ಹನ್ನೆರಡು ವರ್ಷ! ಅಷ್ಟು ಕಾಲ ಅದನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲವೆಂಬುದೇ ನನ್ನ ಮುಖ್ಯ ಆಕ್ಷೇಪ. ಸೇತುವೆ ತಡವಾದರೆ ಜನ ಕೂಗುತ್ತಾರೆ. ಹೊಂದಾಣಿಕೆ ತಡವಾದರೆ ಕೂಗುವವರಿಲ್ಲ.

ಅದರ ಫಲವನ್ನು ನೋಡಿ. ಮೇಲುರಸ್ತೆಯ ರೈಲು 2007ರಲ್ಲಿ ವೇಳಚ್ಚೇರಿ ತಲುಪಿತು. ಅಲ್ಲಿಂದ ಸೇಂಟ್ ಥಾಮಸ್ ಮೌಂಟ್ ಐದೇ ಕಿಲೋಮೀಟರು. 2016ರಲ್ಲಿ ಮೆಟ್ರೋ ಆ ನಿಲ್ದಾಣಕ್ಕೆ ಬಂದಾಗಲೂ ಈ ರೈಲು ಬಂದಿರಲಿಲ್ಲ. 2023ರ ಡಿಸೆಂಬರ್ 30ರಂದು ಕಿಳಾಂಬಾಕ್ಕದಲ್ಲಿ ಭವ್ಯವಾದ ಬಸ್ ನಿಲ್ದಾಣ ತೆರೆಯಿತು. ಸಮೀಪದಲ್ಲೇ ರೈಲು ಹಳಿ, ಆದರೆ ಅಂದು ಅಲ್ಲಿ ರೈಲು ನಿಲ್ಲಲು ನಿಲ್ದಾಣವಿರಲಿಲ್ಲ. ಗಂಟುಮೂಟೆ ಹೊತ್ತ ಕುಟುಂಬದ ಕಣ್ಣೆದುರಿಗೇ ರೈಲು ಓಡುತ್ತಿತ್ತು!

2025ರ ಸೆಪ್ಟೆಂಬರಿನಲ್ಲಿ ಬಂದ ‘ಚೆನ್ನೈ ಒನ್’ ಆ್ಯಪ್ ಬಸ್ಸು, ಮೆಟ್ರೋ, ಉಪನಗರ ರೈಲುಗಳ ಟಿಕೆಟ್ಟನ್ನು ಒಂದೇ ಕಡೆ ಕೊಡುತ್ತಿದೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಟಿಕೆಟ್ಟು ಒಂದಾದ ಮಾತ್ರಕ್ಕೆ ಪ್ರಯಾಣ ಒಂದಾಗದು. ಮೆಟ್ರೋ ಮೆಟ್ಟಿಲಿಳಿದವರಿಗೆ ನೆರಳಿನ ಕಾಲುದಾರಿ ಬೇಕು, ಕೊನೆಯ ಮೆಟ್ರೋಗೆ ಕಾದು ಹೊರಡುವ ಬಸ್ಸು ಬೇಕು. 2021ರಿಂದ ಸಾಧಾರಣ ದರದ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಅದೇ ಗೃಹಿಣಿ ಮುಂದಿನ ಹಾದಿಗೆ ಮೆಟ್ರೋ ಹತ್ತಿದರೆ ಆ ಅನುಕೂಲ ಬಾಗಿಲಲ್ಲೇ ನಿಲ್ಲುತ್ತದೆ. ಸ್ಮಾರ್ಟ್ ಫೋನ್ ಬಳಸಲರಿಯದ ನಮ್ಮ ಹಿರಿಯರ ಪಾಡನ್ನು ಹೇಳಬೇಕಾಗಿಲ್ಲ.

ಜನ ಕೇಳಿದರೆ ಆಗುತ್ತದೆಯೆ? ನಮ್ಮ ಬೆಂಗಳೂರನ್ನೇ ನೋಡೋಣ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ಕೈಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅವರು ಅಷ್ಟಕ್ಕೇ ಸುಮ್ಮನಾಗದೆ ‘ಚುಕುಬುಕು ಬೇಕು’ ಎಂದು ಉಪನಗರ ರೈಲನ್ನೂ ಕೇಳಿದರು. 148 ಕಿಲೋಮೀಟರಿನ ಆ ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಬೇಡವೆನ್ನಲು ಒಂದು ದಿನ ಸಾಕು, ಬೇಕೆನ್ನಲು ವರ್ಷಗಳ ತಾಳ್ಮೆ ಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತದ ಜನ 1981ರಲ್ಲಿ ಮತ ಹಾಕಿ ತಮ್ಮ ಉಪನಗರ ರೈಲನ್ನು ಪಡೆದರು. 1990ರಲ್ಲಿ ರೈಲು, ಟ್ರಾಮು, ಬಸ್ಸು ಮೂರಕ್ಕೂ ಒಂದೇ ದರಪಟ್ಟಿ ಬಂತು.

ಹೊರನಾಡಿನವರಾದ ನಮಗೇಕೆ ಈ ಗೊಡವೆ ಎನ್ನುವವರಿದ್ದಾರೆ. ಸಂಘದ ಸಂಜೆಯ ಕಾರ್ಯಕ್ರಮಗಳನ್ನು ಅವರು ನೆನೆಯಲಿ. ಮುಖ್ಯ ಅತಿಥಿಗಳು ಮಾತಿಗೆ ನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನ ತಾಯಂದಿರು ಬಸ್ಸಿನ ಚಿಂತೆಯಲ್ಲಿ ಎದ್ದಿರುತ್ತಾರೆ. ಚದುರಿದ ಬಡಾವಣೆಗಳಲ್ಲಿರುವ ನಮ್ಮನ್ನು ಒಂದೆಡೆ ಸೇರಿಸುವುದು ಭಾಷೆ ಹೇಗೋ ಸಾರಿಗೆಯೂ ಹಾಗೆಯೇ. ಬರಲಾಗದವರಿಗೆ ಸಂಘವಿದ್ದೂ ಇಲ್ಲದಂತೆ.

ಆದುದರಿಂದ ತಮಿಳು, ತೆಲುಗು, ಮಲಯಾಳ ನೆರೆಯವರೊಡನೆ ಸೇರಿ ಮೂರೇ ಬೇಡಿಕೆಗಳನ್ನು ಪ್ರಾಧಿಕಾರದ ಮುಂದಿಡೋಣ: ವಡಪಳನಿಯಲ್ಲಿ ಬಸ್ಸಿಗೂ ಮೆಟ್ರೋಗೂ ನಡುವೆ ಮಳೆಬಿಸಿಲು ತಾಗದ ಕಾಲುದಾರಿ, ಎಲ್ಲ ವಾಹನಗಳ ವೇಳೆ ತೋರಿಸುವ ಒಂದೇ ಫಲಕ, ರಾತ್ರಿಯ ಕೊನೆಯ ಮೆಟ್ರೋಗೆ ಹೊಂದುವ ಬಸ್ಸು. ದೊಡ್ಡ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಸಿಗುತ್ತದೆ. ಇಂಥ ಸಣ್ಣ ಬೇಡಿಕೆಗೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.