ಜೀರ್ಣೋದ್ಧಾರವೋ, ಪ್ರದರ್ಶನವೋ?

ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಶಿಥಿಲವಾದುದನ್ನು ಉದ್ಧರಿಸುವುದೇ ಹೆಚ್ಚಿನ ಪುಣ್ಯವೆಂದು ಹಿರಿಯರು ನಂಬಿದ್ದರು. ಈ ನಂಬಿಕೆಯ ತಿರುಳು ಕಲ್ಲಿನಲ್ಲಿಲ್ಲ. ಅಲ್ಲಿ ಪೂಜೆ, ಸ್ವಾಧ್ಯಾಯ, ದಾನಗಳು ಮುಂದುವರಿಯಬೇಕೆಂಬ ಸಂಕಲ್ಪದಲ್ಲಿದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯಲ್ಲಿ ಪರಂಪರೆಯ ಹೆಸರಿನಿಂದ ಬೆಳೆಯುತ್ತಿರುವ ಪ್ರವಾಸೋದ್ಯಮವನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

1975ರಲ್ಲಿ ತೆರೆಕಂಡ 'ಶೋಲೆ' ಹಿಂದಿ ಚಿತ್ರಕ್ಕಾಗಿ ರಾಮನಗರದ ಬೆಟ್ಟಗಳ ನಡುವೆ 'ರಾಮಗಢ'ವೆಂಬ ಹಳ್ಳಿಯನ್ನು ಕೃತಕವಾಗಿ ನಿರ್ಮಿಸಲಾಗಿತ್ತು. ಅದು ಅಳಿದು ದಶಕಗಳೇ ಕಳೆದರೂ ದೂರದಿಂದ ಬರುವ ಪ್ರವಾಸಿಗರು ಹುಡುಕುವುದು ಆ ಇಲ್ಲದ ಹಳ್ಳಿಯನ್ನೇ. ಒಂದು ಕಾಲಕ್ಕೆ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ನಿಜವಾದ ಊರು ಅವರ ಕಣ್ಣಿಗೆ ಬೀಳುವುದು ಅಪರೂಪ. ಅಲ್ಲಿನ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಆ ಹಕ್ಕಿಗೆ ಬೇಕಾದುದು ನೋಡುಗರ ಗುಂಪಲ್ಲ, ನೆಮ್ಮದಿ.

ಚನ್ನಪಟ್ಟಣದ ಸ್ಥಿತಿ ಬೇರೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ, ಘರ್ಷಣೆಯ ಕಾವಿನಿಂದಲೇ ಅದನ್ನು ಲೇಪಿಸುವ ಗೊಂಬೆಯ ಕಲೆಗೆ 2005–06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೀಗೆ ಹೆಸರಿಗೇನೋ ರಕ್ಷಣೆ ಬಂದಿತು. ಆದರೆ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಊರನ್ನು ಬಳಸಿಕೊಂಡು ಸಾಗಿದ್ದರಿಂದ ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳು ಕಡಿಮೆಯಾದವು. ಕುಶಲಕರ್ಮಿಯ ಜೀವನೋಪಾಯವನ್ನು ಮಾನ್ಯತಾಪತ್ರವೊಂದೇ ಕಾಯಲಾರದು.

1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದ ಮೇಲೆ ಕೆಂಪೇಗೌಡನ ವಂಶಜರು ಮಾಗಡಿಯಿಂದ ಆಳಿದರು. 1728ರಲ್ಲಿ ಮಾಗಡಿ ಮೈಸೂರಿಗೆ ಸೇರಿತು. ಕೋಟೆಯ ಕುರಿತು ಭಾಷಣಗಳಾಗುತ್ತವೆ. ಪೇಟೆಯ ಬೀದಿಯ ಕುರಿತು ಮಾತಿಲ್ಲ. ಕನಕಪುರವಂತೂ ಸಂಗಮ, ಮೇಕೆದಾಟುಗಳಿಗೆ ಹೋಗುವವರಿಗೆ ದಾಟಿಹೋಗುವ ಊರಷ್ಟೇ.

ಕಾನೂನಿನ ದೃಷ್ಟಿಯೂ ಸ್ಮಾರಕದ ಮೇಲೆಯೇ ನೆಟ್ಟಿದೆ. 2010ರ ತಿದ್ದುಪಡಿಯು ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನೂ ವಿಧಿಸಿತು. ಪಟ್ಟಿಗೆ ಸೇರದ ತೊಟ್ಟಿಮನೆಗೆ, ಜಗಲಿಯಂಗಡಿಗೆ ಆ ಆಸರೆಯಿಲ್ಲ. ಸೋರುವ ಸೂರಿನ ವೆಚ್ಚವನ್ನು ಒಂದು ಕುಟುಂಬ ಹೊರಬೇಕು, ಅದರ ಅಂದವನ್ನು ಊರೆಲ್ಲ ಸವಿಯಬೇಕು ಎಂಬುದು ನ್ಯಾಯವಲ್ಲ. ಅಂಥ ಮನೆಯನ್ನು ಕೆಡವಿದವರನ್ನು ದೂಷಿಸುವ ಮುನ್ನ ಈ ಭಾರವನ್ನು ಹಂಚಿಕೊಳ್ಳಲು ಯಾರು ಮುಂದಾದರೆಂದು ಕೇಳಬೇಕಾಗುತ್ತದೆ.

ಪ್ರವಾಸಿಗರು ಬರಬಾರದೆಂದು ಇದರ ಅರ್ಥವಲ್ಲ. ಅವರು ತರುವ ಹಣ ಸೂರಿನ ದುರಸ್ತಿಗೂ ಕುಶಲಕರ್ಮಿಯ ಕೂಲಿಗೂ ತಲುಪಬೇಕು. ತಲುಪದಿದ್ದರೆ ಅದು ಪರಂಪರೆಯ ಮಾರಾಟವೇ ಹೊರತು ರಕ್ಷಣೆಯಲ್ಲ. ದೇವಾಲಯಗಳ ವಿಶ್ವಸ್ತ ಮಂಡಳಿಗಳಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲದ ಶಾಸನವನ್ನು ನುಣುಪು ಹಾಸುಗಲ್ಲಿನಡಿ ಮುಚ್ಚಿ, ಅದನ್ನೇ ಜೀರ್ಣೋದ್ಧಾರವೆಂದು ಫಲಕ ಹಾಕಿಸುವ ರೂಢಿ ಹಲವೆಡೆ ಬೆಳೆದಿದೆ. ಮುಂದಿನ ದುರಸ್ತಿಯ ಅಂದಾಜುಪಟ್ಟಿಯನ್ನು ಒಪ್ಪುವ ಮೊದಲು, ಯಾವುದನ್ನು ಮುಟ್ಟದೆ ಬಿಡಬೇಕೆಂಬ ಇನ್ನೊಂದು ಪಟ್ಟಿಯನ್ನೂ ಮಂಡಳಿಗಳು ಸಿದ್ಧಪಡಿಸುವುದು ಒಳಿತು.