ಅರ್ಧ ಫಿನ್‌ನ ಸೂತ್ರ

ಪ್ಲೇಟ್-ಫಿನ್ ಹೀಟ್ ಎಕ್ಸ್‌ಚೇಂಜರ್‌ಗೆ ಸಲ್ಲುವ ಹೊಗಳಿಕೆಯೆಲ್ಲ ಅದರ ಗಾತ್ರಕ್ಕೇ ಮೀಸಲು. ಪುತ್ತೂರು, ಸುಳ್ಯದ ಮೆಕ್ಯಾನಿಕಲ್ ವಿದ್ಯಾರ್ಥಿಗಳೂ ಅದನ್ನು ಹೀಗೆಯೇ ಬಲ್ಲರು: ಒಂದು ಘನ ಮೀಟರಿನೊಳಗೆ ಸಾವಿರ ಚದರ ಮೀಟರ್ ಮೇಲ್ಮೈ. ಆದರೆ ಅದರ ಹೆಚ್ಚುಗಾರಿಕೆ ಬೇರೆಯೇ ಇದೆ. ನಾಲ್ಕೈದು ಪ್ರವಾಹಗಳು ಒಂದೇ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ, ಒಂದಕ್ಕೊಂದು ಬೆರೆಯದೆ, ಶಾಖ ಹಂಚಿಕೊಳ್ಳುತ್ತವೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಹೋಯಿತಷ್ಟೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ದೊಡ್ಡ ಘಟಕಗಳಲ್ಲಿ ಒಳಬರುವ ಗಾಳಿ −170 ಡಿಗ್ರಿಯ ಆಸುಪಾಸಿಗೆ ತಣಿಯುವುದು ಇಂಥ ಪೆಟ್ಟಿಗೆಯಲ್ಲೇ. ತಣಿಸುವುದು ಹೊರಹೋಗುವ ಆಮ್ಲಜನಕ, ಶುದ್ಧ ಸಾರಜನಕ, ಬೇಡವಾದ ಸಾರಜನಕ. ಈ ಪ್ರವಾಹಗಳು ಹರಿಯುವ ಪದರಗಳಲ್ಲಿ ಯಾವುದರ ಪಕ್ಕ ಯಾವುದು ಎಂಬುದರಲ್ಲೇ ವಿನ್ಯಾಸಕಾರನ ಜಾಣ್ಮೆ ಇರುವುದು.

ಪಠ್ಯಪುಸ್ತಕ ಎಡವುವುದೂ ಅಲ್ಲೇ. ಪದರದ ಎರಡು ಗೋಡೆಗಳ ನಡುವೆ ನಿಲ್ಲುವ ತೆಳು ಲೋಹದ ಹಾಳೆಯಾದ ಫಿನ್‌ನ ದಕ್ಷತೆ ಲೆಕ್ಕಹಾಕುವಾಗ ಅದರ ಅರ್ಧ ಎತ್ತರವನ್ನಷ್ಟೇ ಹಿಡಿಯುತ್ತೇವೆ. ಏಕೆ ಅರ್ಧ? ಬಿಸಿ, ತಂಪು, ಬಿಸಿ, ತಂಪು ಎಂದು ಪದರಗಳು ಬಂದರೆ ಫಿನ್‌ನ ಎರಡೂ ತುದಿಯ ಗೋಡೆಗಳ ಉಷ್ಣತೆ ಒಂದೇ. ನಟ್ಟನಡುವೆ ಶಾಖ ಅತ್ತಲೂ ಹರಿಯದು, ಇತ್ತಲೂ ಹರಿಯದು. ಮೂರನೆಯ ಪ್ರವಾಹ ಬಂದೊಡನೆ ಆ ಸಮತೋಲ ತಪ್ಪುತ್ತದೆ. ಎರಡು ತಂಪು ಪದರಗಳು ಅಕ್ಕಪಕ್ಕ ಬಂದರಂತೂ ದೂರದ ಪದರಕ್ಕೆ ಸೇರಬೇಕಾದ ಶಾಖ ಹತ್ತಿರದ ಪದರದ ಫಿನ್‌ ಅನ್ನು ತುದಿಯಿಂದ ತುದಿಗೆ ದಾಟಬೇಕು. ಆಗ ದಕ್ಷತೆ ಕುಸಿಯುತ್ತದೆ. ಅರ್ಧದ ಸೂತ್ರ ಮಾತ್ರ ಏನೂ ಆಗಿಲ್ಲವೆಂಬಂತೆ ಹಳೆಯ ಉತ್ತರವನ್ನೇ ಕೊಡುತ್ತದೆ.

ಇಂಥ ಹೀಟ್ ಎಕ್ಸ್‌ಚೇಂಜರ್‌ಗಳ ಬಗ್ಗೆ ಕೇಸ್ ಮತ್ತು ಲಂಡನ್ ಬರೆದ 1955ರ ಗ್ರಂಥದ ಪ್ರಯೋಗದ ಅಂಕಿಗಳಿಗೆ ನನ್ನ ಗೌರವ ಪೂರ್ತಿಯಾಗಿದೆ. ನನ್ನ ಜಗಳ, "ಸಾಫ್ಟ್‌ವೇರ್ ಇರುವಾಗ ಇದೆಲ್ಲ ಏಕೆ" ಎನ್ನುವವರೊಡನೆ. ಸಾಫ್ಟ್‌ವೇರ್‌ನ ಮೊದಲ ಹಂತದ ಲೆಕ್ಕ ಸಾಮಾನ್ಯವಾಗಿ ಬಿಸಿ ಪ್ರವಾಹಗಳನ್ನೆಲ್ಲ ಒಂದಾಗಿಸಿ, ತಂಪು ಪ್ರವಾಹಗಳನ್ನೆಲ್ಲ ಇನ್ನೊಂದಾಗಿಸಿ, ಒಂದು ಅಡ್ಡಕೊಯ್ತದ ಗೋಡೆಗಳಿಗೆಲ್ಲ ಒಂದೇ ಉಷ್ಣತೆ ಎಂದು ಹಿಡಿಯುತ್ತದೆ. ಪದರಗಳ ಸರದಿ ಕೆಟ್ಟಿದ್ದರೂ ಆ ಲೆಕ್ಕಕ್ಕೆ ಕಾಣಿಸದು. ಬಿಸಿ ತುದಿಯಲ್ಲಿ ಎರಡು ಮೂರು ಡಿಗ್ರಿಯ ಅಂತರವನ್ನೇ ನಂಬಿ ನಡೆಯುವ ಘಟಕದಲ್ಲಿ ಈ ಕುರುಡುತನ ದುಬಾರಿ. ಪದರ ಪದರವನ್ನೂ ಬಿಡಿಸಿ ನೋಡುವ ಮುಂದಿನ ಹಂತ ಇದೆ, ನಿಜ. ಅದು ಬೇಕೆಂದು ಹೊಳೆಯಲು ಸೂತ್ರದಲ್ಲಿನ ಆ ಅರ್ಧ ಎಲ್ಲಿಂದ ಬಂತೆಂದು ಮೊದಲು ಗೊತ್ತಿರಬೇಕು.

ಕಡಬದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗಿಗೂ ಈ ಲೆಕ್ಕ ಎಟುಕದ್ದಲ್ಲ. ಪರೀಕ್ಷೆಯಲ್ಲಿ ಮೂರೇ ಪದರ ಕೊಡಲಿ: ನಡುವೆ ಗಾಳಿ, ಒಂದು ಕಡೆ ಆಮ್ಲಜನಕ, ಇನ್ನೊಂದು ಕಡೆ ಸಾರಜನಕ, ಎರಡು ಗೋಡೆಗಳಿಗೂ ಬೇರೆಬೇರೆ ಉಷ್ಣತೆ. ಗಾಳಿಯ ಫಿನ್‌ನಲ್ಲಿ ಶಾಖ ಹರಿಯದ ಬಿಂದು ಎಲ್ಲಿದೆ ಎಂದು ಕೇಳಲಿ.